ಕಂಪನಿ ಕ್ವಾರ್ಟರ್ಸೋ, ಸ್ವಂತ ಮನೆಯೋ?

ರಾಬರ್ಟ್‌ಸನ್‌ಪೇಟೆಯಿಂದ ಸೋದರಿಯೊಬ್ಬರು ಬರೆದಿದ್ದಾರೆ: "ಅಕ್ಕಾ, ನಾವು ಐದಾರು ಜನ ಹೆಂಗಸರು ಸೇರಿ ಕೆ.ಜಿ.ಎಫ್.ನ ಹಳೇ ಅಡಿಗೆಗಳು, ಗಣಿಯಲ್ಲಿ ದುಡಿದ ಹಿರಿಯರ ಮಾತುಗಳು, ಫೋಟೋಗಳು ಎಲ್ಲಾ ಕೂಡಿಹಾಕಿದ್ದೇವೆ. ಮುನ್ನೂರರ ಮೇಲಾಯ್ತು. ವೆಬ್‌ಸೈಟ್ ಮಾಡೋಣ ಅಂದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ. ವರ್ಡ್‌ಪ್ರೆಸ್ ಅಂತೆ, ಡ್ರುಪಲ್ ಅಂತೆ, ಜೂಮ್ಲಾ ಅಂತೆ, ವಿಕ್ಸ್ ಅಂತೆ. ಯಾವುದು ಒಳ್ಳೇದು?"

ತಂಗೀ, ತಡಮಾಡದೆ ಕೇಳಿದಿರಿ, ಒಳ್ಳೆಯದಾಯಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗ ಕೆಳಗಿಳಿದು ದುಡಿಯುತ್ತಿದ್ದವರಲ್ಲಿ ಎಷ್ಟೋ ಜನ ಈಗಿಲ್ಲ, ಇರುವವರಿಗೂ ವಯಸ್ಸಾಯಿತು. ಅವರ ಮಾತೆಲ್ಲ ಯಾರ‍್ಯಾರದೋ ಮೊಬೈಲಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಮೊಬೈಲು ನೀರಿಗೆ ಬಿದ್ದರೆ ಅದರ ಜೊತೆಗೇ ಹೋಯಿತು.

ಮೊದಲು, ನೀವು ಹೇಳಿದ ಹೆಸರುಗಳೆಲ್ಲ ಏನೆಂದು ತಿಳಿಯೋಣ. ಇವಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಚಿಕ್ಕದಾಗಿ ಸಿ.ಎಂ.ಎಸ್. ಎನ್ನುತ್ತಾರೆ. ಇದು ಇಲ್ಲದಿದ್ದರೆ ಪ್ರತಿ ಪುಟಕ್ಕೂ ಕಂಪ್ಯೂಟರ್ ಭಾಷೆ ಬಲ್ಲವರ ಕಾಲು ಹಿಡಿಯಬೇಕು. ಇದು ಇದ್ದರೆ ನೀವು ಕಾಗದ ಬರೆದಂತೆ ಬರೆದು ಗುಂಡಿ ಒತ್ತಿದರೆ ಸಾಕು, ತಲೆಬರಹ, ಪಟ್ಟಿ, ಹುಡುಕುವ ಪೆಟ್ಟಿಗೆ ಎಲ್ಲವನ್ನೂ ಅದೇ ಜೋಡಿಸಿಕೊಳ್ಳುತ್ತದೆ. ಬರಹ ಒಂದು ಕಡೆ, ಅಲಂಕಾರ ಇನ್ನೊಂದು ಕಡೆ ಇರುವುದರಿಂದ ನಾಳೆ ಬಣ್ಣ ಬೇಡವೆನಿಸಿದರೆ ಸೀರೆ ಬದಲಾಯಿಸಿದಂತೆ ಬದಲಾಯಿಸಬಹುದು. ಆದ್ದರಿಂದ ಅಂದ ನೋಡಿ ಸಿ.ಎಂ.ಎಸ್. ಆರಿಸಬೇಡಿ.

ಹಾಗಾದರೆ ಏನು ನೋಡಬೇಕು? ನಿಮ್ಮ ಸರಕನ್ನು ನೋಡಬೇಕು. ಒಂದು ರೂಲ್ಡ್ ಪುಸ್ತಕ ತೆಗೆದುಕೊಂಡು ಬರೆದುಕೊಳ್ಳಿ. ಅಡಿಗೆಯಾದರೆ ಹೆಸರು, ಸಾಮಾನು, ಅಳತೆ, ವಿಧಾನ, ಹೇಳಿಕೊಟ್ಟವರು, ಅವರ ಊರು. ಫೋಟೋ ಆದರೆ ತೆಗೆದ ವರ್ಷ, ಜಾಗ, ಕೊಟ್ಟವರು. ಹಿರಿಯರ ಮಾತಾದರೆ ಯಾವ ಶಾಫ್ಟಿನಲ್ಲಿ ದುಡಿದವರು, ಯಾವ ಭಾಷೆಯಲ್ಲಿ ಹೇಳಿದರು. ನಮ್ಮ ಕಡೆ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲಾ ಒಂದೇ ಬೀದಿಯಲ್ಲಿ ಕೇಳುವುದರಿಂದ ಇದು ಮುಖ್ಯ. "ಮಾರಿಕುಪ್ಪಂನವರು ಹೇಳಿದ ರಾಗಿ ಅಡಿಗೆ ಮಾತ್ರ ತೋರಿಸು" ಅಂದರೆ ಸೈಟು ತೋರಿಸಬೇಕಲ್ಲವೆ? ಮಸಾಲೆ ಡಬ್ಬಿಯಲ್ಲಿ ಸಾಸಿವೆ ಜೀರಿಗೆ ಬೇರೆಬೇರೆ ಬಟ್ಟಲಿನಲ್ಲಿದ್ದರೆ ತಾನೇ ಕೈಗೆ ಸಿಗುವುದು?

ಗೂಗಲ್‌ನವರ ಬ್ಲಾಗರ್‌ನಂಥ ಸಾದಾ ಬ್ಲಾಗು ನಿಮಗೆ ಸಾಲದು ಎನ್ನುವುದು ಇದಕ್ಕೇ. ಅದು ಪುಕ್ಕಟೆ, ಸುಲಭ, ನಿಜ. ಆದರೆ ತಾರೀಖಿನ ಮೇಲೆ ಪೇರಿಸುತ್ತದೆ. ಹೊಸದು ಮೇಲೆ, ಹಳೆಯದು ತಳಕ್ಕೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದ ವಿಷಯವನ್ನು ನೀವು ಈ ಭಾನುವಾರ ಬರೆದರೆ, ಬ್ಲಾಗು ಅದನ್ನು ಈ ಭಾನುವಾರದ ಲೆಕ್ಕಕ್ಕೇ ಹಾಕುತ್ತದೆ. ಲೇಬಲ್ ಅಂಟಿಸಬಹುದು, ಆದರೆ ಮುನ್ನೂರಕ್ಕೆ ಅಂಟಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ.

ವಿಕ್ಸ್ ಚೆಂದ, ಎಳೆದು ಎಳೆದು ಜೋಡಿಸಿದರಾಯಿತು. ಆದರೆ ಅಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿಕೊಂಡು ಬೇರೆ ಕಡೆ ಹೋಗಲು ಬರುವುದಿಲ್ಲ. ಕೆ.ಜಿ.ಎಫ್.ನವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕೆ? ಕಂಪನಿ ಕ್ವಾರ್ಟರ್ಸ್‌ಗೆ ಎಷ್ಟು ಸುಣ್ಣ ಬಣ್ಣ ಬಳಿದರೂ ಅದು ಕಂಪನಿಯದೇ. ಗಣಿ ನಿಂತ ಮೇಲೆ ಮನೆಯ ಚಿಂತೆಯಲ್ಲಿ ಎಷ್ಟು ಸಂಸಾರಗಳು ನಿದ್ದೆಗೆಟ್ಟವು ಅನ್ನೋದು ನಿಮಗೇ ಗೊತ್ತು. ಅಂತರ್ಜಾಲದಲ್ಲೂ ಹೀಗೇ ಆಗಿದೆ. ಯಾಹೂ ಕಂಪನಿಯ ಜಿಯೋಸಿಟೀಸ್‌ನಲ್ಲಿ ಜನ ಲಕ್ಷಗಟ್ಟಲೆ ಪುಟ ಕಟ್ಟಿಕೊಂಡಿದ್ದರು, 2009ರಲ್ಲಿ ಕಂಪನಿ ಅದಕ್ಕೆ ಬೀಗ ಹಾಕಿತು.

ಇನ್ನುಳಿದ ಮೂರೂ, ಅಂದರೆ ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್, ಯಾರ ಸ್ವತ್ತೂ ಅಲ್ಲದ ಮುಕ್ತ ತಂತ್ರಾಂಶಗಳು. ಜಾಗ ಬಾಡಿಗೆಗೆ ಪಡೆದು ನಿಲ್ಲಿಸಿಕೊಳ್ಳಬೇಕು. ಆ ಜಾಗದವರು ಸರಿಬರದಿದ್ದರೆ ಗಂಟುಮೂಟೆ ಸಮೇತ ಇನ್ನೊಂದು ಕಡೆಗೆ ಹೋಗಬಹುದು.

ಡ್ರುಪಲ್ 2001ರಷ್ಟು ಹಳೆಯದು. ನಾನು ಹೇಳಿದ ಮಸಾಲೆ ಡಬ್ಬಿ ಬಟ್ಟಲುಗಳು ಅದರೊಳಗೇ ಇವೆ. ಹಲವು ಭಾಷೆಗೂ ಅನುಕೂಲ. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಶುರುಮಾಡಿದ 'ಸಂಪದ' ಇದರ ಮೇಲೇ ನಿಂತು ಸಾವಿರಾರು ಕನ್ನಡ ಬರಹಗಳನ್ನು ಹೊತ್ತಿತು. ಆದರೆ ಅವರಿಗೆ ಆ ವಿದ್ಯೆ ಕೈಯಲ್ಲಿತ್ತು. ಡ್ರುಪಲ್ ಏಳನೇ ಆವೃತ್ತಿಗೆ 2025ರ ಜನವರಿಯಲ್ಲಿ ಬೆಂಬಲ ನಿಂತಾಗ, ಅದರಲ್ಲಿದ್ದವರು ಹೊಸದಕ್ಕೆ ಹೋಗಲು ಹೆಚ್ಚುಕಡಿಮೆ ಮನೆ ಕೆಡವಿ ಕಟ್ಟಿದಷ್ಟೇ ಪಾಡುಪಡಬೇಕಾಯಿತು. ಜೂಮ್ಲಾ ನಡುವಿನದು. ಬಲ್ಲವರು ನಮ್ಮ ಕಡೆ ಕಡಿಮೆ, ಅದನ್ನು ಬಿಡಿ.

ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬುದರ ಮೇಲೆ. ಯಾರು ಯಾವಾಗ ಏನು ತಿದ್ದಿದರು ಎಂದು ಅದು ಚಾಚೂ ತಪ್ಪದೆ ಇಟ್ಟುಕೊಳ್ಳುತ್ತದೆ. ಬರೆಯುವ ರೀತಿ ಮಾತ್ರ ನಮ್ಮಂಥವರಿಗೆ ಸ್ವಲ್ಪ ಒರಟು. (ವಿಕಿಪೀಡಿಯಕ್ಕೇ ಹಾಕಿಬಿಡೋಣ ಅನ್ನಬೇಡಿ. ಅಜ್ಜಿ ಹೇಳಿದ್ದು ಅಂದರೆ ಅಲ್ಲಿ ನಡೆಯದು, ಅಚ್ಚಾದ ಆಧಾರ ಕೇಳುತ್ತಾರೆ.)

ನಿಮಗೆ ನಾನು ಹೇಳುವುದು ವರ್ಡ್‌ಪ್ರೆಸ್. 2003ರಲ್ಲಿ ಬ್ಲಾಗಿಗೆಂದು ಹುಟ್ಟಿದ್ದು ಈಗ ಜಗತ್ತಿನ ಹತ್ತು ಸೈಟುಗಳಲ್ಲಿ ನಾಲ್ಕರಲ್ಲಿದೆ. ಬಟ್ಟಲುಗಳಿಗೆ, ಎರಡು ಭಾಷೆಗೆ ಪ್ಲಗಿನ್ ಎಂಬ ಜೋಡಣೆ ಬೇಕು, ಅದೊಂದು ಕೊರತೆ. ಆದರೆ ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಹುಡುಗರಲ್ಲಿ ಹತ್ತು ಜನರನ್ನು ಕೇಳಿದರೆ ಇದನ್ನು ಬಲ್ಲವನೊಬ್ಬ ಸಿಕ್ಕೇ ಸಿಗುತ್ತಾನೆ. ಕೆಟ್ಟಾಗ ರಿಪೇರಿಗೆ ಜನ ಸಿಗುವುದೇ ನನ್ನ ದೃಷ್ಟಿಯಲ್ಲಿ ದೊಡ್ಡ ಗುಣ, ಮಿಕ್ಸಿಗಾಗಲಿ ಸೈಟಿಗಾಗಲಿ. ಇದರಲ್ಲಿ ಎರಡು ಬಗೆ: ವರ್ಡ್‌ಪ್ರೆಸ್ ಡಾಟ್ ಕಾಂ ಅಂದರೆ ಅವರ ಜಾಗದಲ್ಲಿ ಇರುವುದು, ಡಾಟ್ ಆರ್ಗ್‌ನಿಂದ ಇಳಿಸಿಕೊಂಡರೆ ನಾವು ಆರಿಸಿದ ಜಾಗದಲ್ಲಿ ಇಡುವುದು. ನಿಮಗೆ ಎರಡನೆಯದು.

ಹೆಸರು, ಅಂದರೆ ಡೊಮೈನ್, ನಿಮ್ಮಲ್ಲೇ ಒಬ್ಬರ ಹೆಸರಿನಲ್ಲಿರಲಿ. ಬಂಗಾರಪೇಟೆಯ ಒಂದು ಮಹಿಳಾ ಸಂಘದವರು ಕಟ್ಟಿಕೊಟ್ಟವನ ಹೆಸರಿಗೇ ಬಿಟ್ಟಿದ್ದರು. ಅವನು ಕೆಲಸ ಸಿಕ್ಕಿ ಪರದೇಶಕ್ಕೆ ಹೋದ, ವರ್ಷದ ಹಣ ಕಟ್ಟುವವರಿಲ್ಲದೆ ಸೈಟು ಮಾಯವಾಯಿತು. ಪಾಸ್‌ವರ್ಡೂ ಇವರಲ್ಲಿರಲಿಲ್ಲ. ಡೊಮೈನಿಗೆ ವರ್ಷಕ್ಕೆ ಸಾವಿರದ ಆಸುಪಾಸು, ಜಾಗಕ್ಕೆ ಕೆಲವು ಸಾವಿರ ಬೀಳುತ್ತದೆ. ಮೊದಲ ವರ್ಷದ ಅಗ್ಗದ ದರ ನೋಡಿ ಹಿಗ್ಗಬೇಡಿ, ಎರಡನೇ ವರ್ಷ ಎಷ್ಟು ಎಂದು ಕೇಳಿ.

ಕನ್ನಡದ ತೊಡಕು ಬೇರೆಯೇ ಇದೆ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೇ ನುಡಿ ಅಕ್ಷರದಲ್ಲಿ ಟೈಪು ಮಾಡಿಸಿದ್ದನ್ನು ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ. ಹುಡುಕುವ ಪೆಟ್ಟಿಗೆಯಲ್ಲಿ "ರಾಗಿ" ಎಂದು ಹಾಕಿದರೆ "ರಾಗಿಯ", "ರಾಗಿಗೆ" ಇರುವ ಪುಟಗಳೂ ಬರಬೇಕು. ನಮ್ಮ ಭಾಷೆಯಲ್ಲಿ ವಿಭಕ್ತಿ ಅಂಟಿಕೊಂಡೇ ಇರುತ್ತದಲ್ಲ. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದಲ್ಲಿಟ್ಟರೆ ವಾಟ್ಸಾಪಿಗೆ ಕಳಿಸುವಾಗ ಮಾರುದ್ದದ ಶೇಕಡಾ ಚಿಹ್ನೆಗಳ ಸಾಲಾಗಿಬಿಡುತ್ತದೆ.

ಐದಾರು ಜನ ಬರೆಯುವವರಿದ್ದೀರಿ, ಪ್ರಕಟಿಸುವವರು ಒಬ್ಬರಿರಲಿ. ವರ್ಡ್‌ಪ್ರೆಸ್‌ನಲ್ಲಿ 'ಕಾಂಟ್ರಿಬ್ಯೂಟರ್' ಆದವರು ಬರೆದು ಒಪ್ಪಿಸಬಹುದು, ಫೋಟೋ ಹಾಕಲಾರರು. ಫೋಟೋ ಹಾಕಬೇಕಾದವರಿಗೆ 'ಆಥರ್' ಎಂದು ಕೊಡಿ.

ದುಡ್ಡು ಕಟ್ಟುವ ಮುನ್ನ ಡಾಟ್ ಕಾಂನ ಪುಕ್ಕಟೆ ಖಾತೆಯಲ್ಲಿ ಹದಿನೈದು ದಿನ ಪಳಗಿ. ಐದೇ ಐದು ಹಾಕಿ: ಮೂರು ಅಡಿಗೆ (ಬಣ್ಣವಿಲ್ಲದ ನೀರಿನ ನಮ್ಮ ಬಂಗಾರಪೇಟೆ ಪಾನಿಪೂರಿ ಒಂದಿರಲಿ!), ಒಂದು ಫೋಟೋ, ಹಿರಿಯರೊಬ್ಬರ ಮಾತು. ನಂತರ 'ಎಕ್ಸ್‌ಪೋರ್ಟ್' ಒತ್ತಿ, ಹೊರಬಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬರಹವೆಲ್ಲ ಅದರಲ್ಲಿರುತ್ತದೆ. ಫೋಟೋಗಳು ಇರುವುದಿಲ್ಲ, ಅವನ್ನು ಬೇರೆಯಾಗಿಯೇ ಇಳಿಸಿಕೊಂಡು ಇಡಬೇಕು.