ಹಾಡಿಲ್ಲದ ಸಂಗೀತ ಪರಿಷತ್ತು

ಇತ್ತಿತ್ತಲಾಗಿ ನಮ್ಮ ನಾಡಿನಲ್ಲಿ ಸಂಗೀತಶಾಸ್ತ್ರದ ಪರಿಷತ್ತುಗಳು ಹೆಚ್ಚುತ್ತಿರುವವು. ಸಂತೋಷದ ಮಾತೇ ಸರಿ. ಆದರೆ ಅಲ್ಲಿ ನಡೆಯುವ ನಿಬಂಧವಾಚನದ ರೀತಿಯನ್ನು ಕಂಡು ಸುಮ್ಮನಿರುವದು ಈ ಲೇಖಕನಿಂದಾಗದು. ಅಂಥದೊಂದು ಸಭೆಯಲ್ಲಿ ನಮ್ಮ ಶ್ರೀಕೃಷ್ಣಪಾರಿಜಾತವನ್ನು ಕುರಿತ ನಿಬಂಧವನ್ನು ಕೇಳಿದೆನು. ಇಪ್ಪತ್ತು ನಿಮಿಷಗಳ ವರೆಗೆ ಇಂಗ್ಲಿಷಿನಲ್ಲಿ ವಾಚನವಾಯಿತು. ಪರದೆಯ ಮೇಲೆ ಕೋಷ್ಟಕಗಳು ಮೂಡಿ ಮಾಯವಾದವು. ಒಂದು ಸ್ವರವಾದರೂ ಸಭೆಯ ಕಿವಿಗೆ ಬೀಳಲಿಲ್ಲ. ಸತ್ಯಭಾಮೆಯ ಮುನಿಸಿನ ಹಾಡು ಯಾವ ಮಟ್ಟಿನಲ್ಲಿ ನಡೆಯುವದೆಂದು ನಾನು ಕೇಳಲು, ಅದು ಬರಿಯ ಜಾನಪದ, ಲಕ್ಷಣಗ್ರಂಥಗಳಲ್ಲಿ ಅದಕ್ಕೆ ಸ್ಥಾನವಿಲ್ಲವೆಂಬ ಉತ್ತರ ಬಂದಿತು.

ಗ್ರಂಥಗಳ ಹೆಸರೆತ್ತಿದ್ದರಿಂದಲೇ ನನಗೆ ಹೆಚ್ಚಿನ ಖೇದ. ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಸಂಸ್ಕೃತವನ್ನೋದಿದವನು ನಾನು. ಮತಂಗಮುನಿಯ ಗ್ರಂಥದ ಹೆಸರೇ ‘ಬೃಹದ್ದೇಶೀ’ ಎಂದು. ಹೆಂಗಸರು, ಮಕ್ಕಳು, ದನಗಾಹಿಗಳು, ಅರಸರು ತಂತಮ್ಮ ನಾಡಿನಲ್ಲಿ ಮನಸಾರೆ ಹಾಡುವದೇ ದೇಶಿಯೆಂದು ಅವನ ಮತ. ರಾಗವೆಂಬುದನ್ನು ವಿವರಿಸಿದವನೂ ಅವನೇ. ಕಲ್ಯಾಣದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಕುಟ್ಟುವ ಹೆಂಗಸರ ಓವಿಯನ್ನೂ ಬಿಡಲಿಲ್ಲ. ಚಕ್ರವರ್ತಿಗೆ ತಗಲದ ಮೈಲಿಗೆ ನಮ್ಮ ಪಂಡಿತಂಮನ್ಯರಿಗೆ ಮಾತ್ರ ತಗಲುವದೇ?

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ಆಟವಾಗಿ ಬೆಳೆಯಿಸಿದನು. ಕೌಜಲಗಿ ನಿಂಗಮ್ಮನವರು ಹೆಂಗಸಾಗಿಯೂ ಮೇಳ ಕಟ್ಟಿ ಅದನ್ನು ಊರೂರಿಗೆ ಒಯ್ದರು. ಗೊಲ್ಲತಿ ಭಾಗವತರ ಸಂವಾದದಿಂದ ಕೊರವಂಜಿಯ ವೇಷದ ವರೆಗೆ ಇರುಳೆಲ್ಲ ನಡೆಯುವ ಈ ಆಟದಲ್ಲಿ ಹಳ್ಳಿಯ ಮಟ್ಟುಗಳೂ ಹಿಂದುಸ್ತಾನಿ ರಾಗಗಳೂ ಹಾಲು ಸಕ್ಕರೆಯಂತೆ ಬೆರೆತಿರುವವು. ಇವು ಕೂಡಿದ್ದು ಎಂದು? ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದರು; ಆ ರಂಗಭೂಮಿಯಿಂದ ನಾವು ಪಡೆದುದೆಷ್ಟು, ಅದಕ್ಕೆ ನಾವು ಕೊಟ್ಟುದೆಷ್ಟು? ಸಂಶೋಧನೆಗೆ ಇದು ಸಾಲದೇ? ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಮಾಳವದ ಹಳ್ಳಿಯ ಧುನ್‌ಗಳಲ್ಲಿ ಹೊಸ ರಾಗಗಳನ್ನು ಕಂಡುಕೊಂಡರು. ಅವರ ತವರು ಜಿಲ್ಲೆಯ ಮಟ್ಟುಗಳಿಗೆ ಮಾತ್ರ ಕೋಷ್ಟಕವೇ ಗತಿಯಾಯಿತು!

ಪರಿಷತ್ತೆಂದರೆ ಕಚೇರಿಯಲ್ಲ, ವೇಳೆ ಸಾಲದು ಎನ್ನುವರು. 1927ರ ಮದ್ರಾಸಿನ ಸಮ್ಮೇಲನದ ಫಲವಾಗಿ ಹುಟ್ಟಿದ ಸಂಗೀತ ಅಕಾಡೆಮಿಯಲ್ಲಿ ವಿದ್ವಾಂಸರು ಹಾಡಿ ತೋರಿಸಿಯೇ ರಾಗಲಕ್ಷಣಗಳನ್ನು ಚರ್ಚಿಸಿದರಲ್ಲ! ಅವರಿಗೆ ವೇಳೆ ಎಲ್ಲಿಂದ ಬಂದಿತು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಾಚಕರ ಮಕ್ಕಳೂ ಈಗ ಇಂಥ ನಿಬಂಧಗಳನ್ನು ಬರೆಯುತ್ತಿರುವರು; ಅವರಿಗೆ ನನ್ನ ಬಿನ್ನಹವಿಷ್ಟೇ. ವೇದಿಕೆಯ ಮೇಲೆ ನಿಮ್ಮ ಪಕ್ಕದಲ್ಲಿ ಭಾಗವತನನ್ನೂ ಕೂಡಿಸಿಕೊಳ್ಳಿರಿ. ಅವನಿಗೂ ದಾರಿಯ ವೆಚ್ಚ ಸಲ್ಲಲಿ. ನಿಬಂಧದ ಮೇಲೆ ಅವನ ಹೆಸರೂ ಇರಲಿ. ಸಭೆ ಮುಗಿದ ಮೇಲೆ ಅದನ್ನೇ ಕನ್ನಡದಲ್ಲಿ ಬರೆದು ಕುಲಗೋಡದಲ್ಲಿ ಇನ್ನೊಮ್ಮೆ ಓದಿರಿ. ತಪ್ಪಿದ್ದಲ್ಲಿ ಅಲ್ಲಿಯ ಮುದುಕರು ಹಾಡಿ ತಿದ್ದುವರು.