ಸಿಕ್ಕಿದ್ದೇನೋ ಸರಿ, ಸಿಕ್ಕಿದ್ದೆಲ್ಲಿ?

ನಮ್ಮ ಆಫೀಸಿನ ಗೆಳೆಯನೊಬ್ಬ ಇಂಗ್ಲೆಂಡಿನಲ್ಲಿ ಮೂರು ವರ್ಷ ಪ್ರಾಜೆಕ್ಟ್ ಮುಗಿಸಿ ಬಂದಿದ್ದಾನೆ. ಅಲ್ಲಿ ಭಾನುವಾರ ಬಂತೆಂದರೆ ಹೊಲದ ಯಜಮಾನನ ಒಪ್ಪಿಗೆ ಪಡೆದು ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುತ್ತಿದ್ದನಂತೆ. ಮೊನ್ನೆ ಊಟದ ಹೊತ್ತಿಗೆ ಅದರ ಫೋಟೋ ತೋರಿಸಿದ. ಮೈನ್‌ಲ್ಯಾಬ್ ಸಿಟಿಎಕ್ಸ್ 3030, ಒಳಗೇ ಜಿಪಿಎಸ್ ಇದೆ. ಬೀಪ್ ಅಂದ ಜಾಗವನ್ನು ಅಲ್ಲೇ ಸೇವ್ ಮಾಡಿಕೊಂಡು, ಮನೆಗೆ ಬಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ನಕ್ಷೆಯ ಮೇಲೆ ಚುಕ್ಕಿಗಳು ಕಾಣುತ್ತವೆ.

ಟೇಬಲ್ಲಿನ ಸುತ್ತ ಇದ್ದವರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಆಳ ಹೋಗುತ್ತೆ? ಚಿನ್ನ ಹಿಡಿಯುತ್ತಾ? ಕೊನೆಗೆ ಒಬ್ಬ, "ಗುರೂ, ಇಲ್ಲಿ ಬಳಸೋದಾದ್ರೆ ಜಿಪಿಎಸ್ ಮಾತ್ರ ಆಫ್ ಮಾಡಿಡು, ಸಾಕ್ಷಿ ಸಿಕ್ಕಿಬಿಡುತ್ತೆ" ಅಂದ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

ಯಾಕಂದ್ರೆ ನನ್ನ ಡ್ರಾಯರಿನಲ್ಲಿ ಒಂದು ಸೀಸದ ನಾಣ್ಯ ಇದೆ. ನಮ್ಮಜ್ಜ ಚಿತ್ರದುರ್ಗದ ಕಡೆಯ ರೈತ. ಉಳುವಾಗ ನೇಗಿಲಿಗೆ ಗಡಿಗೆ ತಾಕಿ ಒಡೆಯಿತಂತೆ, ಒಳಗೆ ಇಂಥವೇ ಒಂದು ಬೊಗಸೆ. ಒಂದಷ್ಟು ತೂಕಕ್ಕೆ ಹೋದವು, ಉಳಿದವು ಮೊಮ್ಮಕ್ಕಳಿಗೆ ಆಟಕ್ಕೆ. ದೊಡ್ಡವನಾದ ಮೇಲೆ ನನ್ನ ಪಾಲಿನದನ್ನು ತಿಳಿದವರೊಬ್ಬರಿಗೆ ತೋರಿಸಿದೆ. ಶಾತವಾಹನರ ಕಾಲದ್ದಿರಬಹುದು ಅಂದರು. ಆಮೇಲೆ ಕೇಳಿದರು: "ಎಲ್ಲಿ ಸಿಕ್ತು?" ಅಜ್ಜಿ ಕೆರೆ ಹಿಂದಿನ ಹೊಲ ಅಂತಾಳೆ, ದೊಡ್ಡಪ್ಪ ಗುಡ್ಡದ ಕೆಳಗಿನದು ಅಂತಾನೆ. ಅಜ್ಜ ತೀರಿಕೊಂಡು ಹನ್ನೆರಡು ವರ್ಷ. ಅವರು ನಾಣ್ಯ ವಾಪಸ್ ಕೊಟ್ಟರು, ಅಷ್ಟೆ.

ಅದೇ ಜಿಲ್ಲೆಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿತ್ತು. ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಅಂತ ಬರೆದಿಟ್ಟರು. ಆ ಒಂದು ನಾಣ್ಯದ ನೆರವಿನಿಂದ ಸುತ್ತಲಿನ ಮಡಕೆಗಳ ಕಾಲವನ್ನೂ ಹೇಳಲು ಬಂತು. ನನ್ನ ನಾಣ್ಯ ಏನನ್ನೂ ಹೇಳುವುದಿಲ್ಲ.

ಜಿಪಿಎಸ್ ಆಫ್ ಮಾಡು ಅನ್ನೋ ಮಹಾನುಭಾವರಿಗೆ ಇದು ಅರ್ಥವಾಗಲ್ಲ. ಅವರ ಲೆಕ್ಕದಲ್ಲಿ ಡಿಟೆಕ್ಟರ್ ಅಂದರೆ ಚಿನ್ನ ಹುಡುಕೋ ಅಂಜನ. ಅಮಾವಾಸ್ಯೆ ರಾತ್ರಿ ದೇವಸ್ಥಾನದ ಗರ್ಭಗುಡಿ ಅಗೆಯೋ ನಿಧಿಗಳ್ಳರಿಗೂ ಇವರಿಗೂ ವ್ಯತ್ಯಾಸ ಲ್ಯಾಪ್‌ಟಾಪ್ ಒಂದೇ.

ಇಂಗ್ಲೆಂಡಿನವರೇನೂ ಸಾಧುಗಳಲ್ಲ. ರಾತ್ರಿ ಕದ್ದು ಹೊಲ ಕೆದಕುವವರು ಅಲ್ಲೂ ಇದ್ದಾರೆ, ನೈಟ್‌ಹಾಕ್ ಅಂತಲೇ ಹೆಸರು. ಆದರೆ 1997ರಿಂದ ಅಲ್ಲಿ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಇದೆ. ಹವ್ಯಾಸಿ ತನಗೆ ಸಿಕ್ಕಿದ್ದನ್ನು, ಸಿಕ್ಕ ಜಾಗದ ಸಮೇತ, ಅದಕ್ಕೆಂದೇ ಇರುವ ಅಧಿಕಾರಿಗೆ ತೋರಿಸುತ್ತಾನೆ. ಹಾಗೆ ದಾಖಲಾದ ವಸ್ತುಗಳು 15 ಲಕ್ಷ ದಾಟಿವೆ. ಜಾಗ ಬಯಲಾದರೆ ಕಳ್ಳರಿಗೆ ದಾರಿ ತೋರಿಸಿದ ಹಾಗಲ್ವಾ ಅಂತೀರಾ? ನಿಖರ ಜಾಗ ಸಂಶೋಧಕರಿಗೆ, ಜನರಿಗೆ ಕಾಣೋದು ಮಸುಕಾದ ಜಾಗ ಮಾತ್ರ. ಇದೇನು ರಾಕೆಟ್ ಸೈನ್ಸ್ ಅಲ್ಲ, ನಾವು ದಿನಾ ಬರೆಯೋ ಆ್ಯಕ್ಸೆಸ್ ಕಂಟ್ರೋಲ್.

ಕೈಯಲ್ಲಿ ಹಿಡಿಯೋ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುತ್ತೆ, ಮರದ ಕೆಳಗೆ ಇನ್ನೂ ಜಾಸ್ತಿ. ಆಳ ಹೇಳಲ್ಲ. ನೇಗಿಲು ತಾಕದ ಪದರಕ್ಕೆ ಗುದ್ದಲಿ ಹಾಕಿದರೆ ಯಾವ ಉಪಗ್ರಹವೂ ಅದನ್ನು ರಿಪೇರಿ ಮಾಡಲ್ಲ. ಅಲ್ಲಿ ಕೈ ಬಿಟ್ಟು ಫೋನ್ ಮಾಡಬೇಕು. ಎಲ್ಲ ಒಪ್ಪಿದೆ. ಆದರೆ ಕೆರೆ ಹಿಂದೆಯೋ ಗುಡ್ಡದ ಕೆಳಗೋ ಅನ್ನೋ ಜಗಳ ಬಗೆಹರಿಸೋಕೆ ನಾಲ್ಕೈದು ಮೀಟರ್ ಧಾರಾಳ ಸಾಕು.

ನಮ್ಮಲ್ಲಿ ಕಾನೂನಿಗೇನೂ ಬರ ಇಲ್ಲ. 1878ರ ನಿಧಿ ಕಾಯ್ದೆಯೇ ಸಿಕ್ಕಿದ್ದೇನು, ಯಾವತ್ತು, ಎಲ್ಲಿ ಅಂತ ಬರೆದು ಕೊಡಿ ಅಂದಿತ್ತು. ರಾಜ್ಯಕ್ಕೆ 1962ರಲ್ಲಿ ಬೇರೆಯದೇ ಕಾಯ್ದೆ ಬಂತು. ಆದರೆ ರೈತನಿಗೆ ಗೊತ್ತಿರೋದು ಪೊಲೀಸು, ಪಂಚನಾಮೆ, ಹೊಲ ಹೋಗುತ್ತೆ ಅನ್ನೋ ಭಯ. ಹೇಳಿಕೊಂಡವನಿಗೆ ತಾಲ್ಲೂಕಿನಲ್ಲೊಬ್ಬ ಕಾಫಿ ಕೊಟ್ಟು ಕೂರಿಸಿ, ನಕ್ಷೆಯಲ್ಲೊಂದು ಚುಕ್ಕಿ ಇಟ್ಟು ಕಳಿಸುವವರೆಗೆ ಎಲ್ಲರೂ ಜಿಪಿಎಸ್ ಆಫ್ ಮಾಡಿಯೇ ಇರುತ್ತಾರೆ. ಆ ಕುರ್ಚಿ ಯಾಕಿಲ್ಲ ಅಂತ ಕೇಳಬೇಕಾದ ನಾವು ಆಳ ಎಷ್ಟು ಅಂತ ಕೇಳ್ತಾ ಕೂತಿದ್ದೀವಿ.

ಬರೋ ತಿಂಗಳು ದೊಡ್ಡಪ್ಪ ಗುಡ್ಡದ ಕೆಳಗಿನ ಹೊಲಕ್ಕೆ ಜೆಸಿಬಿ ಬಿಡಿಸ್ತಾನಂತೆ, ಮಟ್ಟ ಮಾಡೋಕೆ. ಗಡಿಗೆ ಚೂರು ಕಂಡರೆ ಗಾಡಿ ನಿಲ್ಲಿಸಿ ಲೊಕೇಶನ್ ಕಳಿಸು ಅಂತ ತಮ್ಮನಿಗೆ ಹೇಳಿದ್ದೀನಿ. "ಜೆಸಿಬಿಗೆ ಗಂಟೆ ಲೆಕ್ಕ ಕಣಣ್ಣ" ಅಂದ.