ಮೂರು ಗಾಲಿಯ ಗುಟ್ಟು

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಹಾರ್ಲೆ-ಡೇವಿಡ್‌ಸನ್ ಮೋಟಾರು ಸೈಕಲ್ಲುಗಳು ದೆಹಲಿಯಲ್ಲಿ ಹೊಸ ಜನ್ಮವೆತ್ತಿದವು. ಅಲ್ಲಿಯ ಕುಶಲ ಮೇಸ್ತ್ರಿಗಳು ಹಿಂಗಾಲಿಯನ್ನು ಕಳಚಿ, ಆ ಸ್ಥಳದಲ್ಲಿ ಎರಡು ಗಾಲಿಗಳ ಅಚ್ಚನ್ನು ಜೋಡಿಸಿ, ಅದರ ಮೇಲೆ ಪ್ರಯಾಣಿಕರ ಗೂಡನ್ನು ಕಟ್ಟಿದರು. ಸದ್ದಿನಿಂದಲೇ 'ಫಟ್‌ಫಟಿ'ಯೆಂದು ಹೆಸರಾದ ಈ ವಾಹನಗಳು ಚಾಂದನಿ ಚೌಕ, ಕನಾಟ್ ಪ್ಲೇಸುಗಳ ಜನರನ್ನು ದಶಕಗಳ ಕಾಲ ಹೊತ್ತು ತಿರುಗಿ, 1998ರಲ್ಲಿ ವಾಯುಮಾಲಿನ್ಯದ ಕಾರಣ ಬೀದಿಯಿಂದ ಮರೆಯಾದವು. ದ್ವಿಚಕ್ರವನ್ನು ತ್ರಿಚಕ್ರವಾಗಿಸುವ ಕಲೆ ಮಾತ್ರ ಮರೆಯಾಗಿಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ಇಂತಹ ಹಳೆಯ ಗಾಡಿಗಳನ್ನು ಅಕ್ಕರೆಯಿಂದ ಸಾಕಿಕೊಂಡವರು ಇಂದಿಗೂ ಉಂಟು. ಅವರಲ್ಲಿ ಎಂಜಿನ್ನಿಗೆ ಎಣ್ಣೆಯೆರೆಯಲು ಮರೆಯುವವರು ವಿರಳ. ಗಾಲಿಯ ಗುಂಭದೊಳಗೆ ಅಡಗಿರುವ ಬೇರಿಂಗನ್ನು ನೆನೆಯುವವರೂ ವಿರಳ.

ಈ ಮರೆವು ಅಪಾಯಕರ. ದ್ವಿಚಕ್ರ ವಾಹನವು ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ಆದ್ದರಿಂದ ಅದರ ಭಾರವು ಬಹುಮಟ್ಟಿಗೆ ಗಾಲಿಯ ನೇರಕ್ಕೇ ಇಳಿಯುತ್ತದೆ. ಇಂತಹ ತ್ರಿಚಕ್ರಕ್ಕೆ ವಾಲುವ ಭಾಗ್ಯವಿಲ್ಲ. ತಿರುವಿನಲ್ಲಿ ನೆಲವು ಗಾಲಿಯನ್ನು ಪಕ್ಕದಿಂದ ಒತ್ತುತ್ತದೆ. ಆ ಒತ್ತನ್ನೆಲ್ಲ ಬೇರಿಂಗೇ ತಾಳಬೇಕು. ವಾಲುವ ಗಾಡಿಗೆಂದು ಮಾಡಿದ ಹಳೆಯ ಮುಂಗಾಲಿಯ ಬೇರಿಂಗಿಗೆ ಇದು ಎಣಿಸದೆ ಬಂದ ಹೊರೆ. 1898ರಲ್ಲಿ ಹೆನ್ರಿ ಟಿಮ್ಕೆನ್ ಪೇಟೆಂಟು ಪಡೆದ 'ಟೇಪರ್ ರೋಲರ್' ಬೇರಿಂಗಿನಲ್ಲಿ ಗುಂಡುಗಳ ಬದಲು ಓರೆಯಾಗಿ ಕೂರಿಸಿದ ಉಕ್ಕಿನ ಉರುಳೆಗಳಿರುತ್ತವೆ. ಮೇಲಿನ ಭಾರವನ್ನೂ ಪಕ್ಕದ ಒತ್ತನ್ನೂ ಅದು ಒಟ್ಟಿಗೆ ತಾಳಬಲ್ಲದು. ಆದರೆ ಅದನ್ನು ಹದವರಿತು ಬಿಗಿಯಬೇಕು.

ಪರೀಕ್ಷೆ ಕಷ್ಟವಾದುದಲ್ಲ. ಗಾಡಿಯನ್ನು ಎತ್ತಿ ಭದ್ರವಾಗಿ ನಿಲ್ಲಿಸಿ, ಗಾಲಿಯ ತಲೆ-ಬುಡಗಳನ್ನು ಹಿಡಿದು ಅಲುಗಿಸಬೇಕು. ಲಟಕ್ಕೆಂದು ಸಡಿಲು ತೋರಿದರೆ ಒಳಗೆ ಸವೆತವಿದೆಯೆಂದೋ ನಟ್ಟು ಸಡಿಲವಾಗಿದೆಯೆಂದೋ ತಿಳಿಯಬೇಕು. ಗಾಲಿಯನ್ನು ಮೆಲ್ಲನೆ ತಿರುಗಿಸಿದಾಗ ಜಲ್ಲಿಯ ಮೇಲೆ ಉರುಳಿದಂತಹ ಮೊರೆತ ಕೇಳಿದರೆ ಗುಂಭವನ್ನು ಬಿಚ್ಚಲೇಬೇಕು. ಓಟ ಮುಗಿದಾಗ ಒಂದು ಗುಂಭ ಮಾತ್ರ ಹೆಚ್ಚು ಬಿಸಿಯಾಗಿದ್ದರೂ ಅದನ್ನು ಎಚ್ಚರಿಕೆಯೆಂದೇ ಬಗೆಯಬೇಕು.

ಬಿಚ್ಚಿದ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಹೊಳಪಿದ್ದರೆ ಕ್ಷೇಮ, ಗುಳಿ ಬಿದ್ದಿದ್ದರೆ, ಕಾವಿನಿಂದ ನೀಲಿಗಟ್ಟಿದ್ದರೆ, ಒಳಬಳೆ-ಹೊರಬಳೆಗಳೆರಡನ್ನೂ ಒಟ್ಟಿಗೇ ಬದಲಿಸತಕ್ಕದ್ದು. ಹೊಸ ಬೇರಿಂಗನ್ನು ಗುಂಭಕ್ಕೆ ಕೂರಿಸುವಾಗ ಹೊರಬಳೆಯ ಮೇಲಷ್ಟೇ ಒತ್ತಬೇಕು. ಒಳಬಳೆಯನ್ನು ಬಡಿದರೆ ಗುಂಡುಗಳು ಹಾದಿಯಲ್ಲಿ ತಗ್ಗು ಮಾಡುತ್ತವೆ. ಹಳೆಯ ಗ್ರೀಸನ್ನು ಪೂರ್ತಿ ತೆಗೆದು ಹೊಸದನ್ನು ಉರುಳೆಗಳ ಸಂದಿಗೆ ತುಂಬಬೇಕು. ಗುಂಭದಲ್ಲಿ ಗಂಟಲವರೆಗೆ ತುರುಕಿದರೆ ಅದೇ ಕಾವಿಗೆ ಕಾರಣವಾದೀತು. ಓರೆ ಉರುಳೆಯದಾದರೆ ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿದು, ಬಳಿಕ ತುಸು ಸಡಿಲಿಸಿ, ಹೊಸ ಪಿನ್ನನ್ನೇ ತೊಡಿಸಬೇಕು. ಒಮ್ಮೆ ಬಾಗಿದ ಹಳೆಯ ಪಿನ್ನು ಮತ್ತೆ ಬಾಗುವಾಗ ಮುರಿಯುವುದುಂಟು.

ದೂರದ ಪಯಣಕ್ಕೆ ಎತ್ತು ಹೂಡುವ ರೈತನು ಮೊದಲು ಕೀಲೆಣ್ಣೆ ಹಾಕಿ, ಕಡಾಣಿಯನ್ನು ಮುಟ್ಟಿ ನೋಡುತ್ತಾನೆ. ಅವನ ಬಂಡಿ ಗಂಟೆಗೆ ಮೂರು ಮೈಲಿ ನಡೆದರೆ ಹೆಚ್ಚು. ಅದರ ಹತ್ತು ಹದಿನೈದು ಪಾಲು ವೇಗದಲ್ಲಿ, ಮಡದಿ ಮಕ್ಕಳನ್ನು ಹಿಂದೆ ಕುಳ್ಳಿರಿಸಿಕೊಂಡು ಸಾಗುವವನಿಗೆ ಆ ರೈತನಷ್ಟಾದರೂ ಎಚ್ಚರ ಬೇಡವೆ?